ಮೋಟಾರಿಲ್ಲದವರ ಅರಣ್ಯಯಾತ್ರೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಕೆಲವು ದಿನ ಯೋಚಿಸಿದೆ. ಶಾಲೆಯ ಇತಿಹಾಸವನ್ನೂ ಹಿರಿಯ ಗುರುಗಳ ಸೇವೆಯನ್ನೂ ಬರೆಯಬಲ್ಲವರು ನನಗಿಂತ ಅರ್ಹರಾದವರು ಹಲವರಿದ್ದಾರೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಭೂಗೋಳ ಕಲಿಸಿದ ನನಗೆ ಉಳಿದಿರುವುದು ಮಕ್ಕಳನ್ನು ಕರೆದುಕೊಂಡು ಹೋದ ಪ್ರವಾಸಗಳ ಅನುಭವ ಮಾತ್ರ. ಅದರಲ್ಲಿಯೂ ಒಂದು ವಿಷಯವನ್ನು ನಾನು ಸ್ವಲ್ಪ ಅಭ್ಯಾಸ ಮಾಡಿದ್ದೇನೆ: ಸ್ವಂತ ವಾಹನವಿಲ್ಲದವರು ರೈಲಿನಲ್ಲಿ ಹೋಗಿ ಅಭಯಾರಣ್ಯಗಳನ್ನು ನೋಡುವುದು ಹೇಗೆ ಎಂಬುದು. ಹಳೆಯ ವಿದ್ಯಾರ್ಥಿಗಳಿಗೂ ಇಂದಿನ ಪಾಲಕರಿಗೂ ಇದು ಉಪಯೋಗಕ್ಕೆ ಬಂದೀತೆಂಬ ಆಸೆಯಿಂದ ಬರೆಯುತ್ತಿದ್ದೇನೆ.

ಈ ಅಭ್ಯಾಸಕ್ಕೆ ಕಾರಣಳಾದವಳು ಎಂಟನೆಯ ಇಯತ್ತೆಯ ಒಬ್ಬ ವಿದ್ಯಾರ್ಥಿನಿ. 1990ರ ಮಳೆಗಾಲ, ಹೆಸರಿಗಷ್ಟೇ ಮಳೆಗಾಲ. ಅರಣ್ಯ ಸಂಪತ್ತಿನ ಪಾಠ ನಡೆದಿತ್ತು. ನಿತ್ಯಹರಿದ್ವರ್ಣ, ಎಲೆಯುದುರುವ ಕಾಡು, ಕುರುಚಲು ಕಾಡು ಎಂದು ನಾನು ಹಲಗೆಯ ಮೇಲೆ ಬರೆಯುತ್ತಿದ್ದಾಗ ಆಕೆ ಎದ್ದು ನಿಂತು, “ಗುರೂಜಿ, ನೀವು ಅಡವಿ ನೋಡೀರೇನ್ರಿ?” ಎಂದು ಕೇಳಿದಳು. ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ನಿಜ ಹೇಳಬೇಕೆಂದರೆ ಪಂಢರಪುರ, ಗುಡ್ಡಾಪುರ, ವಿಜಯಪುರಗಳ ಆಚೆಗೆ ನಾನು ಹೋದದ್ದು ಅಪರೂಪ. ಅಡವಿಯನ್ನು ಚಿತ್ರದಲ್ಲಿ ಮಾತ್ರ ನೋಡಿದ್ದೆ. ಅಂದು ಸಂಜೆ ಆಕೆಯ ತಂದೆ ಸಂತೆಯಲ್ಲಿ ಸಿಕ್ಕರು. ಮಗಳ ಪ್ರಶ್ನೆಯನ್ನು ಹೇಳಿದಾಗ, “ಅಡವಿ ಅನ್ನೂದು ಮೋಟಾರ ಇದ್ದವರಿಗೆ ಬಿಡ್ರಿ ಗುರುಗಳ” ಎಂದು ಮಾತು ಮುಗಿಸಿದರು. ಆ ಮಾತು ಸುಳ್ಳೆಂದು ತೋರಿಸಬೇಕೆಂಬ ಹಟ ನನಗೆ ಹುಟ್ಟಿತು.

ಜತ್ತ ತಾಲೂಕಿನವರಿಗೆ ರೈಲು ಹತ್ತಿರದ ವಸ್ತುವಲ್ಲ. ‘ಜತ್ತ ರೋಡ್’ ಎಂಬ ನಿಲ್ದಾಣವಿದೆ ನಿಜ. ಆದರೆ ರೈಲ್ವೆಯವರು ಊರಿನ ಹೆಸರಿಗೆ ‘ರೋಡ್’ ಎಂದು ಸೇರಿಸಿದರೆ ಊರು ಅಲ್ಲಿಂದ ದೂರವಿದೆಯೆಂದೇ ತಿಳಿಯಬೇಕು. ಮಿರಜದಿಂದ ಪಂಢರಪುರ, ಕುರ್ಡುವಾಡಿಗಳ ಕಡೆಗೆ ಹೋಗುವ ಈ ಮಾರ್ಗ ಬಾರ್ಶಿ ಲೈಟ್ ರೈಲ್ವೆಯದು. 1897ರಲ್ಲಿ ಕುರ್ಡುವಾಡಿ–ಬಾರ್ಶಿಗಳ ನಡುವೆ ಆರಂಭವಾದ ಎರಡೂವರೆ ಅಡಿ ಅಗಲದ ಆ ಹಳಿ 1927ರಲ್ಲಿ ಮಿರಜವನ್ನು ಮುಟ್ಟಿತು. ಬಾಲ್ಯದಲ್ಲಿ ಅಜ್ಜನೊಡನೆ ಆಷಾಢಿ ವಾರಿಗೆ ನಾನು ಹೋದದ್ದು ಆ ಪುಟ್ಟ ಗಾಡಿಯಲ್ಲಿಯೇ. ಏರುದಾರಿಯಲ್ಲಿ ಇಳಿದು ಜೊತೆಗೆ ನಡೆಯಬಹುದೆಂದು ಹಿರಿಯರು ಹಾಸ್ಯ ಮಾಡುತ್ತಿದ್ದರು. ಈಗ ಅದೆಲ್ಲ ಬ್ರಾಡ್‌ಗೇಜ್ ಆಗಿದೆ. ಆದರೂ ನಮ್ಮವರಿಗೆ ನಿಜವಾದ ರೈಲಿನ ಬಾಗಿಲುಗಳು ಎರಡು: ಪಶ್ಚಿಮಕ್ಕೆ ಮಿರಜ, ಪೂರ್ವಕ್ಕೆ ವಿಜಯಪುರ. ಉಮದಿ, ಸಂಖಗಳ ಕಡೆಯವರಿಗೆ ವಿಜಯಪುರ ಅನುಕೂಲ, ಜತ್ತದವರಿಗೆ ಮಿರಜ. ಎರಡಕ್ಕೂ ಮೊದಲು ಎಸ್.ಟಿ. ಹತ್ತಲೇಬೇಕು.

ಇಲ್ಲಿ ನಾನು ಕಲಿತ ಮುಖ್ಯ ಪಾಠವನ್ನು ಹೇಳಿಬಿಡುತ್ತೇನೆ. ಅರಣ್ಯಯಾತ್ರೆಯಲ್ಲಿ ರೈಲಿನ ದೂರ ಲೆಕ್ಕಕ್ಕೆ ಬರುವುದಿಲ್ಲ. ಮುನ್ನೂರು ಕಿಲೋಮೀಟರನ್ನು ನಿದ್ರೆಯಲ್ಲಿ ಕಳೆಯಬಹುದು. ನಿಲ್ದಾಣದಿಂದ ಕಾಡಿನ ಬಾಗಿಲವರೆಗಿನ ಹತ್ತು ಹನ್ನೆರಡು ಕಿಲೋಮೀಟರು ಮಾತ್ರ ಯಾತ್ರೆಯನ್ನು ಉಳಿಸುತ್ತದೆ ಅಥವಾ ಕೆಡಿಸುತ್ತದೆ. ಆದ್ದರಿಂದ ಯಾವ ಅಭಯಾರಣ್ಯ ಹೆಚ್ಚು ಪ್ರಸಿದ್ಧವೆಂದು ಕೇಳಬೇಡಿ. ನಿಲ್ದಾಣದಿಂದ ಅಲ್ಲಿಗೆ ಬಸ್ಸೋ ಟಂಟಮ್ಮೋ ಇದೆಯೇ, ಸಂಜೆ ಹಿಂದಿರುಗಲು ಕೊನೆಯ ವಾಹನ ಎಷ್ಟು ಹೊತ್ತಿಗೆ, ಒಳಗೆ ಕಾಲ್ನಡಿಗೆಯಿಂದ ನೋಡಲು ಅವಕಾಶವುಂಟೇ ಎಂದು ಕೇಳಿ. ಹುಲಿಯಿರುವ ಕಾಡಿನಲ್ಲಿ ಕಾಲ್ನಡಿಗೆಗೆ ಬಿಡುವುದಿಲ್ಲ, ಬಿಡಲೂಬಾರದು; ಅಲ್ಲಿ ಜೀಪಿನ ಬಾಡಿಗೆಯೇ ರೈಲಿನ ಟಿಕೆಟಿಗಿಂತ ಭಾರವಾಗುತ್ತದೆ. ಮೋಟಾರಿಲ್ಲದವರಿಗೆ ದೇವರು ಕೊಟ್ಟದ್ದು ಪಕ್ಷಿಧಾಮಗಳು ಮತ್ತು ಹುಲ್ಲುಗಾವಲುಗಳು.

ಮೊದಲ ಪ್ರವಾಸ 1991ರ ಜನವರಿಯಲ್ಲಿ ಘಟಪ್ರಭಾ ಪಕ್ಷಿಧಾಮಕ್ಕೆ. ಮಿರಜದಿಂದ ಬೆಳಗಾವಿಯ ಮಾರ್ಗದಲ್ಲಿ ಘಟಪ್ರಭಾ ಎಂಬ ನಿಲ್ದಾಣವೇ ಇದೆ. ಅಲ್ಲಿಂದ ಧೂಪದಾಳ ಕೆಲವೇ ಕಿಲೋಮೀಟರು. ಆಗ ಮಿರಜದಿಂದ ಆಚೆ ಮೀಟರ್‌ಗೇಜ್. ಮಿರಜ ಜಂಕ್ಷನ್ನಿನಲ್ಲಿ ಆ ಕಾಲಕ್ಕೆ ಮೂರೂ ಅಳತೆಯ ಹಳಿಗಳಿದ್ದವು. ಪುಣೆಯ ಕಡೆಗೆ ಬ್ರಾಡ್, ಲೋಂಡಾದ ಕಡೆಗೆ ಮೀಟರ್, ಕುರ್ಡುವಾಡಿಯ ಕಡೆಗೆ ನ್ಯಾರೋ. ಅದನ್ನು ತೋರಿಸಿದ್ದೇ ನನ್ನ ಭೂಗೋಳದ ಅರ್ಧ ಪಾಠವಾಯಿತು. ರಾತ್ರಿ ಧರ್ಮಶಾಲೆಯಲ್ಲಿ ತಂಗಿ ನಸುಕಿನ ಗಾಡಿ ಹಿಡಿದೆವು. ಬುತ್ತಿಯಲ್ಲಿ ಸಜ್ಜಿರೊಟ್ಟಿ, ಶೇಂಗಾಚಟ್ನಿ.

ಧೂಪದಾಳದಲ್ಲಿ ಘಟಪ್ರಭಾ ನದಿಗೆ 1897ರಲ್ಲಿ ಮುಗಿದ ಒಡ್ಡು ಇದೆ. ಅದರ ಹಿಂದೆ ನಿಂತ ಆಳವಿಲ್ಲದ ನೀರೂ ನಡುಗಡ್ಡೆಗಳೂ ಹಕ್ಕಿಗಳಿಗೆ ತವರಾದವು; 1974ರಲ್ಲಿ ಸುಮಾರು 30 ಚದರ ಕಿಲೋಮೀಟರು ಪ್ರದೇಶವನ್ನು ಪಕ್ಷಿಧಾಮವೆಂದು ಘೋಷಿಸಲಾಯಿತು. ನೀರಾವರಿಗಾಗಿ ಕಟ್ಟಿದ ಒಡ್ಡು ಹಕ್ಕಿಗಳ ಮನೆಯಾದದ್ದು ಯೋಜನೆಯಲ್ಲಿ ಬರೆದದ್ದೇನಲ್ಲ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಡೆಮಾಯ್ಸೆಲ್ ಎಂಬ ಬೂದುಬಣ್ಣದ ಕೊಕ್ಕರೆಗಳು, ಯುರೋಪಿನ ಕಡೆಯಿಂದ ಬಿಳಿ ಕೊಕ್ಕರೆಗಳು ಇಲ್ಲಿಗೆ ಬರುತ್ತವೆ. ಶಾಲೆಯಲ್ಲಿದ್ದ ಒಂದೇ ದುರ್ಬೀನಿಗಾಗಿ ಮಕ್ಕಳು ಸಾಲು ನಿಂತರು. ಪ್ರಶ್ನೆ ಕೇಳಿದ್ದ ಆ ವಿದ್ಯಾರ್ಥಿನಿ ತನ್ನ ಸರದಿ ಮುಗಿದ ಮೇಲೂ ದುರ್ಬೀನು ಬಿಡಲಿಲ್ಲ. ಹಿಮಾಲಯವನ್ನು ದಾಟಿ ಬಂದ ಹಕ್ಕಿಯಿದು ಎಂದು ನಾನು ಹೇಳಿದಾಗ, “ಇವಕ್ಕೂ ಮೋಟಾರ ಇಲ್ಲ ನೋಡ್ರಿ” ಎಂದಳು. ತಂದೆಯ ಮಾತು ಅವಳ ಕಿವಿಗೂ ಬಿದ್ದಿತ್ತೆಂದು ಆಗ ತಿಳಿಯಿತು. ಸಂಜೆಯ ಗಾಡಿಗೆ ಮರಳಿದೆವು. ಇಂದಿಗೂ ನಮ್ಮ ತಾಲೂಕಿನವರಿಗೆ ಇದಕ್ಕಿಂತ ಸುಲಭವಾದ ಅರಣ್ಯಯಾತ್ರೆ ಇಲ್ಲವೆಂದೇ ನನ್ನ ಅಭಿಪ್ರಾಯ. ನವೆಂಬರದಿಂದ ಫೆಬ್ರುವರಿಯವರೆಗೆ ಹೋಗಬೇಕು. ಬೇಸಿಗೆಯಲ್ಲಿ ಹೋದವರು ಬರಿ ನೀರು ನೋಡಿ ಬಂದಾರು.

ಮುಂದಿನ ವರ್ಷಗಳಲ್ಲಿ ನಮ್ಮ ಜಿಲ್ಲೆಯದೇ ಆದ ಸಾಗರೇಶ್ವರಕ್ಕೆ ಹೋದೆವು. ಪುಣೆಯ ಮಾರ್ಗದಲ್ಲಿ ತಾಕಾರಿ ನಿಲ್ದಾಣದಲ್ಲಿ ಇಳಿದರೆ ಯಶವಂತರಾವ ಚವ್ಹಾಣರು ಹುಟ್ಟಿದ ದೇವರಾಷ್ಟ್ರೆಯ ಬಳಿ ಈ ಅಭಯಾರಣ್ಯ. ವಿಸ್ತೀರ್ಣ 10.87 ಚದರ ಕಿಲೋಮೀಟರು ಮಾತ್ರ. ಅಭಯಾರಣ್ಯವೆಂದು ಘೋಷಣೆಯಾದದ್ದು 1985ರಲ್ಲಿ. ಇದು ತಾನಾಗಿ ಬೆಳೆದ ಕಾಡಲ್ಲ. ಬೋಳುಗುಡ್ಡದ ಮೇಲೆ ಮನುಷ್ಯರು ಗಿಡ ನೆಟ್ಟು, ಬೇಲಿ ಹಾಕಿ, ಜಿಂಕೆ ಸಾಂಬಾರಗಳನ್ನು ತಂದು ಬಿಟ್ಟು ಬೆಳೆಸಿದ್ದು. ಸ್ವಾತಂತ್ರ್ಯ ಹೋರಾಟಗಾರ ಧೋಂಡಿರಾಮ ಮೋಹಿತೆಯವರು ಅದಕ್ಕಾಗಿ ಬಹಳ ದುಡಿದರು. ಬರಗಾಲದ ತಾಲೂಕಿನ ಮಕ್ಕಳು ಅದನ್ನು ನೋಡಲೇಬೇಕು.

ಆದರೆ ನನ್ನ ಕಣ್ಣು ತೆರೆಸಿದ ಪ್ರವಾಸ ಬೇರೆ. 2003ರ ಡಿಸೆಂಬರದಲ್ಲಿ 24 ಮಕ್ಕಳೊಡನೆ ರಾಣೆಬೆನ್ನೂರಿಗೆ ಹೊರಟೆವು. ಆ ಹೊತ್ತಿಗೆ ಹುಬ್ಬಳ್ಳಿಯ ಆಚೆಗೂ ಬ್ರಾಡ್‌ಗೇಜ್ ಆಗಿತ್ತು. ಮಿರಜದಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಹಾವೇರಿಗಳನ್ನು ದಾಟಿ ಇಳಿದಾಗ ರಾತ್ರಿ ಬಹಳವಾಗಿತ್ತು. ನಿಲ್ದಾಣದ ವಿಶ್ರಾಂತಿ ಕೋಣೆಯಲ್ಲಿಯೇ ಹೊದ್ದು ಮಲಗಿ, ಬೆಳಕು ಹರಿಯುವ ಮುನ್ನ ಹಳ್ಳಿಯ ಬಸ್ಸು ಹಿಡಿದು ಹುಲ್ಲತ್ತಿಯ ಕಡೆಗೆ ಹೋದೆವು. ಕೃಷ್ಣಮೃಗಗಳಿಗಾಗಿ 1974ರಲ್ಲಿ ಸ್ಥಾಪನೆಯಾದ, 119 ಚದರ ಕಿಲೋಮೀಟರಿನ ಅಭಯಾರಣ್ಯವದು. ತಿಂಗಳ ಮೊದಲೇ ಅರಣ್ಯ ಇಲಾಖೆಗೆ ಪತ್ರ ಬರೆದು ಅನುಮತಿ ಪಡೆದಿದ್ದೆವು. ಒಬ್ಬ ಅರಣ್ಯ ರಕ್ಷಕರು ನಮ್ಮೊಡನೆ ಬಂದರು.

ಬಸ್ಸಿನಿಂದ ಇಳಿದು ನೋಡಿದರೆ ಒಣಹುಲ್ಲು, ಜಾಲಿ, ಬಾರಿಗಿಡ, ಅಲ್ಲಲ್ಲಿ ನೆಟ್ಟ ನೀಲಗಿರಿಯ ಸಾಲು. ಮಕ್ಕಳ ಮುಖ ಬಾಡಿತು. ಮಾಡಗ್ಯಾಳದ ಕುರಿಗಾರರ ಮನೆಯ ಹುಡುಗನೊಬ್ಬ, “ಗುರೂಜಿ, ಅಡವಿ ಎಲ್ಲೈತ್ರಿ? ಇದು ನಮ್ಮ ಮಡ್ಡಿ ಇದ್ದಂಗ ಐತಲ್ಲ” ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಅರಣ್ಯ ರಕ್ಷಕರು ಬೆರಳು ತುಟಿಯ ಮೇಲಿಟ್ಟು ಕೈ ತೋರಿಸಿದರು. ಮಂಜಿನಲ್ಲಿ ಹುಲ್ಲೇ ಎದ್ದು ನಿಂತಂತೆ ಹಿಂಡು ಹಿಂಡಾಗಿ ಹೆಣ್ಣುಗಳು. ನಡುವೆ ಸುರುಳಿಗೊಂಬಿನ ಕಪ್ಪು ಗಂಡು. ಒಂದು ಜಿಗಿಯಿತು, ಹಿಂದೆಯೇ ಹಿಂಡೆಲ್ಲ ಜಿಗಿಯುತ್ತ ಹೋಯಿತು. “ಚಿಗರಿ! ಚಿಗರಿ!” ಎಂದು ಹುಡುಗ ಕೂಗಿಯೇಬಿಟ್ಟ. ಆಮೇಲೆ ತಗ್ಗಿದ ದನಿಯಲ್ಲಿ, “ನಮ್ಮ ಮಡ್ಡ್ಯಾಗೂ ಇದ್ದುವಂತ್ರಿ. ಮುತ್ಯಾ ಹೇಳ್ತಾನ” ಎಂದ.

ಹಿಂದಿರುಗುವಾಗ ಗಾಡಿಯಲ್ಲಿ ನನಗೆ ನಿದ್ರೆ ಬರಲಿಲ್ಲ. ಹದಿನೈದು ವರ್ಷಕ್ಕೂ ಮೇಲ್ಪಟ್ಟು ನಾನು ಮಕ್ಕಳಿಗೆ, “ನಮ್ಮ ತಾಲೂಕಿನಲ್ಲಿ ಅರಣ್ಯವಿಲ್ಲ, ಬಹುಭಾಗ ಬರಡುಭೂಮಿ” ಎಂದು ಬರೆಸಿದ್ದೆ. ಪರೀಕ್ಷೆಯಲ್ಲಿ ಹಾಗೆಯೇ ಬರೆದವರಿಗೆ ಪೂರ್ಣ ಅಂಕ ಕೊಟ್ಟಿದ್ದೆ. ನಮ್ಮ ಮಡ್ಡಿಯೂ ಗಾಯರಾಣವೂ ಬರಡಲ್ಲ, ಅವು ಹುಲ್ಲುಗಾವಲು; ಕಾಡಿನಂತೆಯೇ ಅದಕ್ಕೂ ತನ್ನದೇ ಆದ ಪ್ರಾಣಿಪಕ್ಷಿಗಳಿವೆ; ಮಾಡಗ್ಯಾಳದ ಹೆಸರಾಂತ ಕುರಿ ಬೆಳೆದು ಬಂದದ್ದೂ ಅದೇ ಹುಲ್ಲಿನಿಂದ. ಇದನ್ನು ನಾನು ಕಲಿತದ್ದು ನಾನೂರು ಕಿಲೋಮೀಟರಿನಷ್ಟು ದೂರ ಹೋಗಿ, ಒಬ್ಬ ಹುಡುಗನ ಬಾಯಿಂದ. ಮರವಿದ್ದರಷ್ಟೇ ಕಾಡು ಎಂಬ ತಪ್ಪು ಕಲ್ಪನೆ ದೊಡ್ಡವರಿಗೂ ಇದೆ. ರಾಣೆಬೆನ್ನೂರಿನ ಹುಲ್ಲಿನಲ್ಲಿ ನೀಲಗಿರಿಯನ್ನು ನೆಟ್ಟದ್ದು ಅದೇ ಕಲ್ಪನೆಯ ಫಲ.

ಹುಲ್ಲುಗಾವಲಿನ ದೊರೆಯೆನ್ನಬಹುದಾದ ಹಕ್ಕಿ ಎರ್ಲಡ್ಡು. ಮರಾಠಿಯಲ್ಲಿ ಮಾಳಢೋಕ. ಹೆಸರಿನಲ್ಲಿಯೇ ಮಾಳವಿದೆ. ಒಂದು ಮೀಟರಿನಷ್ಟು ಎತ್ತರ, ಹಾರಬಲ್ಲ ಹಕ್ಕಿಗಳಲ್ಲಿ ಅತಿ ಭಾರವಾದವುಗಳ ಸಾಲಿಗೆ ಸೇರಿದ್ದು. ನಮಗೆ ಹತ್ತಿರದ ಮಾಳಢೋಕ ಅಭಯಾರಣ್ಯ ಸೊಲ್ಲಾಪುರದ ಬಳಿಯ ನಾನ್ನಜ, ಸ್ಥಾಪನೆ 1979. ಜತ್ತ ರೋಡಿನಿಂದ ಪಂಢರಪುರ, ಕುರ್ಡುವಾಡಿಯ ಮೇಲೆ ಸೊಲ್ಲಾಪುರಕ್ಕೆ, ಅಲ್ಲಿಂದ ಬಾರ್ಶಿಯ ಕಡೆಗೆ ಹೋಗುವ ಎಸ್.ಟಿ.ಯಲ್ಲಿ ಸುಮಾರು 20 ಕಿಲೋಮೀಟರು. ವಿಜಯಪುರದ ಕಡೆಯವರು ಇಂಡಿ ರೋಡ್, ಹೋಟಗಿಯ ಮಾರ್ಗವಾಗಿ ನೇರ ಸೊಲ್ಲಾಪುರಕ್ಕೆ ಹೋಗಬಹುದು. ಆರಂಭದಲ್ಲಿ ಕಾಗದದ ಮೇಲೆ ಆ ಅಭಯಾರಣ್ಯ ಸುಮಾರು 8,500 ಚದರ ಕಿಲೋಮೀಟರು ಇತ್ತು. ಊರು, ಹೊಲಗಳೆಲ್ಲ ಒಳಗೆ ಸೇರಿದ್ದರಿಂದ ಜನರಿಗೆ ತೊಂದರೆಯಾಗಿ, 2012ರ ಹೊತ್ತಿಗೆ ಅದನ್ನು 1,222 ಚದರ ಕಿಲೋಮೀಟರಿಗೆ ಇಳಿಸಲಾಯಿತು. ನಾನು ಮೂರು ಸಲ ಹೋದೆ. ಮೊದಲ ಸಲ, 1996ರಲ್ಲಿ, ದೂರದಲ್ಲಿ ಎರಡು ಹಕ್ಕಿಗಳನ್ನು ಕಂಡೆ. ಮುಂದಿನ ಎರಡು ಸಲವೂ ಚಿಗರಿಗಳನ್ನಷ್ಟೇ ನೋಡಿ ಬಂದೆ. ದೇಶದಲ್ಲಿಯೇ ಇಂದು ಉಳಿದಿರುವ ಎರ್ಲಡ್ಡುಗಳು ನೂರೈವತ್ತರ ಆಸುಪಾಸು ಎಂದು ತಜ್ಞರ ಅಂದಾಜು. ಅವುಗಳಲ್ಲಿ ಬಹುತೇಕ ರಾಜಸ್ಥಾನದಲ್ಲಿವೆ. ಹುಲ್ಲು ಉಳುಮೆಯಾದದ್ದು ಒಂದು ಕಾರಣ. ಹಾರುವಾಗ ವಿದ್ಯುತ್ ತಂತಿಗಳಿಗೆ ಬಡಿದು ಸಾಯುವುದು ಇನ್ನೊಂದು. ನಮ್ಮ ಮಡ್ಡಿಗಳ ಮೇಲೂ ಗಾಳಿಯಂತ್ರಗಳು ಎದ್ದಿವೆ, ತಂತಿಗಳು ಹಾದಿವೆ. ವಿದ್ಯುತ್ತು ಬೇಡವೆಂದು ನಾನು ಹೇಳಲಾರೆ; ಕಂದೀಲಿನ ಬೆಳಕಿನಲ್ಲಿ ಓದಿದವನು ನಾನು.

ಇನ್ನು ಕೆಟ್ಟುಹೋದ ಪ್ರವಾಸದ ಮಾತು. 2006ರಲ್ಲಿ ಚಾಂದೋಲಿಗೆ ಹೋದೆವು. ನಮ್ಮ ಜಿಲ್ಲೆಯ ಶಿರಾಳಾ ತಾಲೂಕಿನಲ್ಲಿ, ವಾರಣಾ ನದಿಯ ಮೇಲ್ದಂಡೆಯಲ್ಲಿರುವ ಈ ಕಾಡು 2004ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2010ರಲ್ಲಿ ಕೊಯ್ನಾದೊಡನೆ ಸೇರಿ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಜಿಲ್ಲೆ ಒಂದೇ ಆದರೂ ನಮಗೆ ರಾಣೆಬೆನ್ನೂರಿಗಿಂತ ಚಾಂದೋಲಿಯೇ ಕಠಿಣ. ರೈಲು ಸಾಂಗಲಿಯಲ್ಲಿಯೇ ಉಳಿಯುತ್ತದೆ. ಮುಂದೆ ಇಸ್ಲಾಮಪುರ, ಶಿರಾಳಾ ಎಂದು ಎಸ್.ಟಿ. ಬದಲಿಸುತ್ತ ಹೋಗಬೇಕು; ಕೊನೆಗೆ ವಡಾಪ್ ಜೀಪು. ಸಂಜೆ ಬಂದು ಕರೆದೊಯ್ಯುತ್ತೇನೆಂದು ಮಾತು ಕೊಟ್ಟು ಮುಂಗಡ ಪಡೆದ ಜೀಪಿನವರು ಬರಲೇ ಇಲ್ಲ. ಕತ್ತಲೆಯಾಯಿತು. 31 ಮಕ್ಕಳು, ಅವರಲ್ಲಿ 12 ಹೆಣ್ಣುಮಕ್ಕಳು, ನಾವು ಇಬ್ಬರು ಶಿಕ್ಷಕರು. ಹಳ್ಳಿಯವರು ದೇವಸ್ಥಾನ ತೆರೆದುಕೊಟ್ಟು, ಮನೆಮನೆಯಿಂದ ಅನ್ನ ಆಮಟಿ ತಂದು ಹಾಕಿದರು. ಜೀಪಿನವರನ್ನು ನಾನು ದೂರುವುದಿಲ್ಲ, ತಪ್ಪು ನನ್ನದು. ಮರಳುವ ವಾಹನವನ್ನು ಒಬ್ಬರ ಮಾತಿನ ಮೇಲೆ ಬಿಟ್ಟಿದ್ದೆ. ಮರುದಿನ ಮಧ್ಯಾಹ್ನ ಊರಿಗೆ ಬಂದಾಗ ಶಾಲೆಯ ಮುಂದೆ ನಿಂತಿದ್ದ ತಾಯಂದಿರ ಮುಖ ಇನ್ನೂ ನೆನಪಿದೆ. ಒಬ್ಬ ತಾಯಿ ಏನೂ ಮಾತಾಡದೆ ಮಗಳ ಕೈ ಹಿಡಿದುಕೊಂಡು ನಡೆದುಬಿಟ್ಟರು. ಮುಂದೆ ಎರಡು ವರ್ಷ ಪ್ರವಾಸವೇ ನಿಂತಿತು.

ಕೊಲ್ಲಾಪುರದವರೆಗೆ ರೈಲು, ಮುಂದೆ ಎಸ್.ಟಿ.ಯಲ್ಲಿ ರಾಧಾನಗರಿ ಎಂಬುದು ಇದಕ್ಕಿಂತ ಸುಗಮ. ಕಾಡುಕೋಣಗಳಿಗೆ ಹೆಸರಾದ ದಾಜೀಪುರ ಅಲ್ಲಿಯೇ. ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಹೋಗುವವರು ಅಳ್ನಾವರದಲ್ಲಿ ಇಳಿದು ಬಸ್ಸಿನಲ್ಲಿ ದಾಂಡೇಲಿಗೆ ಹೋಗಬೇಕು. ಅಳ್ನಾವರದಿಂದ ದಾಂಡೇಲಿಯ ಅಂಬೇವಾಡಿಗೆ ಹಳೆಯ ಕವಲುಹಳಿ ಇದೆ. 2019ರ ನವೆಂಬರದಲ್ಲಿ ಅದರ ಮೇಲೆ ಪ್ರಯಾಣಿಕರ ಗಾಡಿ ಮತ್ತೆ ಓಡಿತು, 2020ರ ಮಾರ್ಚಿನಲ್ಲಿ ದೇಶದ ಎಲ್ಲ ಗಾಡಿಗಳೊಡನೆ ನಿಂತಿತು. ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಲೋಂಡಾದಿಂದ ಗೋವಾದ ಕಡೆಗೆ ಹೋಗುವ ಮಾರ್ಗವನ್ನು ಪ್ರತ್ಯೇಕವಾಗಿ ಹೇಳಬೇಕು. ಕ್ಯಾಸಲ್‌ರಾಕ್ ದಾಟಿದ ಮೇಲೆ ಗಾಡಿ ಘಟ್ಟವನ್ನಿಳಿದು ಕುಳೆಯನ್ನು ಮುಟ್ಟುವವರೆಗೂ ಭಗವಾನ್ ಮಹಾವೀರ ಅಭಯಾರಣ್ಯ ಮತ್ತು ಮೊಲ್ಲೆಂ ರಾಷ್ಟ್ರೀಯ ಉದ್ಯಾನದ ಕಾಡು. ಕಿಟಕಿಯೇ ಇಲ್ಲಿ ಜೀಪು. ದೂಧಸಾಗರ ಜಲಪಾತದ ಎದುರಿಗೇ ಗಾಡಿ ಹಾಯುತ್ತದೆ. ತರುಣರು ಹಳಿಯ ಮೇಲೆ ನಡೆದುಕೊಂಡು ಜಲಪಾತಕ್ಕೆ ಹೋಗುವುದುಂಟು. ಅದು ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ. ಕುಳೆಯಲ್ಲಿ ಇಳಿದು, ಮಳೆಗಾಲ ಮುಗಿದ ಮೇಲೆ ಪರವಾನಿಗೆಯುಳ್ಳ ಜೀಪಿನಲ್ಲಿ ಹೋಗುವುದು ಸರಿ. ಈ ಹಳಿಯನ್ನು ಜೋಡಿಹಳಿ ಮಾಡುವ ಯೋಜನೆಗೆ ಗೋವಾದ ಜನ ತೀವ್ರವಾಗಿ ವಿರೋಧಿಸಿದರು. 2022ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ನೀಡಿದ್ದ ವನ್ಯಜೀವಿ ಮಂಡಳಿಯ ಅನುಮತಿಯನ್ನು ರದ್ದುಗೊಳಿಸಿತು. ರೈಲನ್ನು ಹೊಗಳಿ ಲೇಖನ ಬರೆಯುವವನು ಇದನ್ನೂ ಹೇಳಬೇಕು. ನಮ್ಮನ್ನು ಕಾಡಿಗೆ ಮುಟ್ಟಿಸುವ ಹಳಿಯೇ ಕಾಡನ್ನು ಸೀಳುತ್ತದೆ.

ದೂರದೂರಿನಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೂ ಎರಡು ಮಾತು. ಮುಂಬಯಿಯಲ್ಲಿರುವವರಿಗೆ ಲೋಕಲ್ ಗಾಡಿಯಲ್ಲಿ ಬೋರಿವಲಿಗೆ ಹೋದರೆ ಸಾಕು. ನೂರು ಚದರ ಕಿಲೋಮೀಟರಿಗೂ ಮಿಕ್ಕಿದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಬಾಗಿಲು ನಿಲ್ದಾಣದಿಂದ ನಡೆದುಹೋಗುವಷ್ಟು ಹತ್ತಿರ. ನೇರಳದಿಂದ ಪುಟ್ಟ ರೈಲಿನಲ್ಲಿ ಮಾಥೇರಾನಕ್ಕೂ ಹೋಗಬಹುದು. ಆ ಊರಿನೊಳಗೆ ಪ್ರವಾಸಿಗರ ಮೋಟಾರಿಗೇ ಪ್ರವೇಶವಿಲ್ಲ, ಅಲ್ಲಿ ಎಲ್ಲರೂ ನಮ್ಮಂತೆಯೇ. ವಿಜಯಪುರದಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಮೈಸೂರಿಗೆ ಹೋದವರು ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟನ್ನು ಬಿಡಬಾರದು.

ಶಾಲೆಗಳಿಗೆ ಒಂದು ಸೂಚನೆ. ಶೈಕ್ಷಣಿಕ ಪ್ರವಾಸಕ್ಕೆ ವಿದ್ಯಾರ್ಥಿಗಳಿಗೆ ರೈಲ್ವೆಯ ರಿಯಾಯಿತಿ ಉಂಟು. ಗ್ರಾಮೀಣ ಸರಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಇನ್ನೂ ಹೆಚ್ಚಿನ ರಿಯಾಯಿತಿ ಇದೆ. ಮುಖ್ಯಾಧ್ಯಾಪಕರ ಪತ್ರ ಮತ್ತು ಮಕ್ಕಳ ಪಟ್ಟಿಯೊಡನೆ ಬಹಳ ಮುಂಚೆ ನಿಲ್ದಾಣದಲ್ಲಿ ವಿಚಾರಿಸಬೇಕು. ಅರಣ್ಯ ಇಲಾಖೆಯ ಅನುಮತಿ ಬೇರೆ. ಮರಳುವ ವಾಹನ ಕೈಯಲ್ಲಿ ಇಲ್ಲದೆ ಹೊರಡಬಾರದು. ಕೆಂಪು, ಬಿಳಿ ಬಟ್ಟೆ ಬೇಡ. ಮಣ್ಣಿನ ಬಣ್ಣದ್ದು ಒಳ್ಳೆಯದು. ಕೊನೆಯ ನಾಲ್ಕಾರು ಕಿಲೋಮೀಟರಿಗೆ ವಾಹನ ಸಿಗದಿದ್ದರೆ ನಡೆಯಬಹುದು. ಛಟ್ಟಿ ಅಮಾವಾಸ್ಯೆಗೆ ದಾನಮ್ಮದೇವಿಯ ದರ್ಶನಕ್ಕೆ ಎಷ್ಟೋ ದೂರದಿಂದ ಬರಿಗಾಲಿನಲ್ಲಿ ನಡೆದು ಬರುವವರನ್ನು ನೋಡುತ್ತ ಬೆಳೆದ ನಮ್ಮ ಮಕ್ಕಳಿಗೆ ನಡಿಗೆಯನ್ನು ಕಲಿಸಬೇಕಾಗಿಲ್ಲ.

ರಾಣೆಬೆನ್ನೂರಿನಲ್ಲಿ “ಚಿಗರಿ” ಎಂದು ಕೂಗಿದ ಆ ಹುಡುಗ ಈಗ ತಂದೆಯ ಕುರಿಗಳನ್ನು ನೋಡಿಕೊಂಡಿದ್ದಾನೆ. ಕಳೆದ ದೀಪಾವಳಿಗೆ ಮನೆಗೆ ಬಂದಾಗ ಒಂದು ನೋಟಬುಕ್ಕನ್ನು ನನ್ನ ಮುಂದಿಟ್ಟ. ಮಡ್ಡಿಯಲ್ಲಿ ತಾನು ಕಂಡ ಹಕ್ಕಿ, ಪ್ರಾಣಿ, ಹುಲ್ಲುಗಳ ಹೆಸರು ದಿನಾಂಕ ಸಹಿತ ಬರೆದಿದ್ದ: ತೋಳ ಎರಡು ಸಲ, ನರಿ ಹಲವು ಸಲ, ಗೌಜಲಕ್ಕಿ ಲೆಕ್ಕವಿಲ್ಲ. ಚಿಗರಿಯ ಮುಂದೆ ಜಾಗ ಖಾಲಿ ಬಿಟ್ಟಿದ್ದ. ಬರುವ ಡಿಸೆಂಬರದ ಎರಡನೆಯ ರವಿವಾರ ಅವನ ಮಡ್ಡಿಯಲ್ಲಿಯೇ ಶಾಲೆಯ ಮಕ್ಕಳಿಗೆ ಒಂದು ದಿನದ ಪ್ರವಾಸವಿಟ್ಟುಕೊಂಡಿದ್ದೇವೆ, ಜನವರಿಯಲ್ಲಿ ಘಟಪ್ರಭಾ. ಬರಲಿಚ್ಛಿಸುವ ಹಳೆಯ ವಿದ್ಯಾರ್ಥಿಗಳು ಶಾಲೆಯಲ್ಲಿ ಹೆಸರು ಕೊಡಬೇಕು. ಬುತ್ತಿ ಅವರವರದು, ದುರ್ಬೀನು ಇದ್ದವರು ತರಬೇಕು.